ಮಂಡ್ಯದಿಂದ ಬೆಲುಂ ಗುಹೆಗೆ: ಒಬ್ಬ ಗೀಸರ್ ರಿಪೇರಿಯವನ ಪ್ರವಾಸ

ದಸರಾ ಬಂತು ಅಂದರೆ ಊರಿಗೆ ಊರೇ ಮೈಸೂರಿನ ಕಡೆ ಮುಖ ಮಾಡುತ್ತದೆ. ನಡುವೆ ಮಂಡ್ಯದಲ್ಲಿ ಕೂತ ನಮ್ಮ ಪಾಡು ಕೇಳಬೇಡಿ. ಬಸ್ಸಿನಲ್ಲಿ ಕಾಲಿಡಲು ಜಾಗ ಇರಲ್ಲ, ಮನೆಯಲ್ಲಿ ನೆಂಟರಿಗೆ ಹಾಸಿಗೆ ಸಾಲಲ್ಲ, ಜಂಬೂಸವಾರಿ ತೋರಿಸಿ ಅಂತ ವರ್ಷಕ್ಕೊಬ್ಬರು ಹೊಸ ನೆಂಟರು ಹುಟ್ಟಿಕೊಳ್ಳುತ್ತಾರೆ. ಈ ಸಲ ನಾವೇ ಊರು ಬಿಡೋಣ ಅಂದಳು ನನ್ನ ಹೆಂಡತಿ. ಎಲ್ಲಿಗೆ ಅಂತ ಕೇಳುವಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಮಗಳು "ಬೆಲುಂ ಗುಹೆ" ಅಂದಾಗಿತ್ತು. ಆಂಧ್ರದಲ್ಲಿದೆ ಅದು. ನೆಲದೊಳಗೆ ಕಲ್ಲು ಬೆಳೆಯುತ್ತದೆ ಅಂತ ಅವರ ಮೇಷ್ಟ್ರು ಪಾಠದಲ್ಲಿ ಹೇಳಿದ್ದರಂತೆ.

ನನ್ನದು ಗೀಸರ್, ಮೋಟಾರು, ಮಿಕ್ಸಿ ರಿಪೇರಿ ಅಂಗಡಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ನನ್ನದು ಒಂದೇ ಷರತ್ತು: ಆಯುಧಪೂಜೆಯ ಹಿಂದಿನ ದಿನ ಅಂಗಡಿ ಬಾಗಿಲು ತೆಗೆಯಬೇಕು. ಸ್ಪ್ಯಾನರ್, ಕಟಿಂಗ್ ಪ್ಲೇಯರ್ ಎಲ್ಲ ತೊಳೆದು ಒರೆಸಿ ಇಡದಿದ್ದರೆ ನನಗೆ ವರ್ಷವಿಡೀ ಸಮಾಧಾನ ಇರಲ್ಲ. ಹಾಗಾಗಿ ಸಿಕ್ಕಿದ್ದು ಮೂರು ದಿನ. ನಾನು, ಹೆಂಡತಿ, ಮಗಳು, ಅವ್ವ, ಜೊತೆಗೆ ಕಾರು ಇರುವ ಭಾಮೈದ.

ಮೊದಲನೇ ದಿನ

ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಹೊಸ ಹೈವೇಯಲ್ಲಿ ಮದ್ದೂರು ಯಾವಾಗ ಬಂತು ಯಾವಾಗ ಹೋಯಿತು ಗೊತ್ತೇ ಆಗಲ್ಲ, ವಡೆ ತಿನ್ನಬೇಕು ಅಂದವರಿಗೆ ಬೈಪಾಸೇ ಗತಿ. ಬೆಂಗಳೂರು ಏಳುವ ಮುಂಚೆ ದಾಟಿದೆವು. ಚಿಕ್ಕಬಳ್ಳಾಪುರ ಕಳೆದ ಮೇಲೆ ರಸ್ತೆ ಬದಿಯ ಮರದಡಿ ಕೂತು ಅವ್ವನ ಬುತ್ತಿ ಬಿಚ್ಚಿದೆವು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕೋಡುಬಳೆ. ಅವ್ವ ಹೊರಗಿನ ಊಟ ನಂಬುವವಳಲ್ಲ, ಮೂರು ದಿನಕ್ಕಾಗುವಷ್ಟು ಕೋಡುಬಳೆ ಹೊತ್ತು ತಂದಿದ್ದಳು. ಅದು ಮೊದಲ ದಿನವೇ ಖಾಲಿಯಾಯಿತು ಅನ್ನೋದು ಬೇರೆ ಮಾತು.

ಲೇಪಾಕ್ಷಿಗೆ ಹೋಗಿದ್ದು ಅವ್ವನಿಗೋಸ್ಕರ. ಅಲ್ಲಿನ ತೂಗುವ ಕಂಬದ ಅಡಿ ಬಟ್ಟೆ ತೂರಿಸಿ ಎಳೆಯುವ ಆಟ ಎಲ್ಲರೂ ಆಡುತ್ತಾರೆ, ನಾವೂ ಆಡಿದೆವು. ಅವ್ವನಿಗೆ ಹಿಡಿಸಿದ್ದು ಊರಾಚೆ ಕೂತಿರುವ ಒಂಟಿ ಕಲ್ಲಿನ ಬಸವ, 27 ಅಡಿ ಉದ್ದದ್ದು. ಸುತ್ತು ಹಾಕಿ ಬಂದು, "ನಮ್ಮ ಚಾಮುಂಡಿ ಬೆಟ್ಟದ ಬಸವನಿಗೆ ಅಣ್ಣ ಆಗಬೇಕು ಕಣೋ" ಅಂದಳು. ಅಷ್ಟಕ್ಕೇ ಲೇಪಾಕ್ಷಿ ಮುಗಿಯಿತು. ನಿಂತು ನೋಡಿದರೆ ಅರ್ಧ ದಿನ ಬೇಕಾದ ಜಾಗ, ನಾವು ಒಂದು ಗಂಟೆ ಕೊಟ್ಟೆವು. ಅದು ತಪ್ಪು, ಒಪ್ಪಿಕೊಳ್ಳುತ್ತೇನೆ.

ಅನಂತಪುರ ದಾಟಿ ತಾಡಪತ್ರಿ ಹತ್ತಿರ ಬರುತ್ತಿದ್ದಂತೆ ರಸ್ತೆಯ ಎರಡೂ ಕಡೆ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಯಾರ್ಡುಗಳು ಶುರುವಾದವು. ಕಪ್ಪು ಚಪ್ಪಡಿಗಳನ್ನು ಹಪ್ಪಳದ ಹಾಗೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ್ದರು. ಇದೇ ನಮ್ಮ ಕಡಪ ಕಲ್ಲು ಅಲ್ವಾ ಅಂದಳು ಹೆಂಡತಿ. ಹೌದು, ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಹಾಸಿರುವುದು ಇಂಥದ್ದೇ. ಮನೆ ಕಟ್ಟುವಾಗ ಗ್ರಾನೈಟಿಗೆ ದುಡ್ಡು ಸಾಲದೆ ಕಡಪ ಹಾಕಿಸಿದ್ದಕ್ಕೆ ಇವತ್ತಿಗೂ ನನಗೆ ಬೈಗುಳ ಇದೆ, ಯಾಕೆಂದರೆ ಹುಣಸೆಹುಳಿ ಚೆಲ್ಲಿದರೆ, ನಿಂಬೆಹಣ್ಣಿನ ಹೋಳು ಮಗುಚಿ ಇಟ್ಟರೆ ಸಾಕು, ಬಿಳಿ ಕಲೆ ಕೂತುಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ಅದು ಕಲೆ ಅಲ್ಲ, ಹುಳಿ ಕಲ್ಲನ್ನು ತಿಂದ ಗುರುತು. ಕಡಪ ಕಲ್ಲು ಸುಣ್ಣದ ಕಲ್ಲು, ಹುಳಿ ತಾಗಿದರೆ ಕರಗುತ್ತದೆ. ಗ್ರಾನೈಟಿಗೆ ಈ ಕಾಟ ಇಲ್ಲ. ಇದನ್ನು ಹತ್ತು ವರ್ಷದ ಹಿಂದೆಯೇ ಹೇಳಬೇಕಿತ್ತು ನೀವು ಅಂದಳು.

ತಾಡಪತ್ರಿಯಲ್ಲಿ ಉಳಿದೆವು. ಸಂಜೆ ಪೆನ್ನಾ ನದಿ ದಡದ ಬುಗ್ಗ ರಾಮಲಿಂಗೇಶ್ವರನ ಗುಡಿಗೆ ಹೋದರೆ ಬಾಗಿಲ ಕೆತ್ತನೆ ನೋಡಿ ಕಣ್ಣು ತುಂಬಿತು. ವಿಜಯನಗರದ ಕಾಲದ್ದು. ತೆಲುಗಿನ ಬುಗ್ಗ ಅಂದರೆ ನಮ್ಮ ಬುಗ್ಗೆಯೇ, ನೀರು ಉಕ್ಕುವ ಜಾಗ.

ಲಾಡ್ಜಿನ ಕಥೆ ಹೇಳಲೇಬೇಕು, ಹೆಸರು ಬೇಡ. ರಾತ್ರಿ ಸ್ನಾನಕ್ಕೆ ಅಂತ ಗೀಸರ್ ಹಾಕಿ ಮುಕ್ಕಾಲು ಗಂಟೆ ಕಾದರೂ ನೀರು ಉಗುರುಬೆಚ್ಚಗೂ ಆಗಲಿಲ್ಲ. ಕೆಳಗೆ ಹೋಗಿ ಹೇಳಿದರೆ ಹುಡುಗ ತೆಲುಗಿನಲ್ಲಿ ಏನೋ ಸಮಾಧಾನ ಹೇಳಿದ, ಬಹುಶಃ ಬೆಳಿಗ್ಗೆ ಸರಿ ಮಾಡುತ್ತೇವೆ ಅಂತ. ನನಗೋ ಕೈ ಕಡಿತ. ಟೆಸ್ಟರ್, ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್ ಸೆಟ್ಟು ಎಲ್ಲಿಗೆ ಹೋದರೂ ಬ್ಯಾಗಿನಲ್ಲಿರುತ್ತದೆ. "ರೀ, ದುಡ್ಡು ಕೊಟ್ಟು ಬಂದು ಇಲ್ಲೂ ಅದೇ ಕೆಲಸಾನಾ?" ಅಂತ ಹೆಂಡತಿ ತಲೆ ಚಚ್ಚಿಕೊಂಡಳು. ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮೇನ್ ಆಫ್ ಮಾಡಿ, ನೀರು ಇಳಿಸಿ, ಕಾಯಿಲ್ ಬಿಚ್ಚಿ ಹೊರಗೆಳೆದೆ. ಕಾಯಿಲ್ ಕಾಣಿಸಲೇ ಇಲ್ಲ. ಬೆರಳು ಗಾತ್ರದ್ದು ಮುಸುಕಿನ ಜೋಳದ ತೆನೆ ಗಾತ್ರ ಆಗಿತ್ತು. ಮೈಯೆಲ್ಲ ಬಿಳಿ ಗಂಟು ಗಂಟು, ಅಲ್ಲಲ್ಲಿ ಬೂದು ಬಣ್ಣ. ಇದನ್ನು ನಾವು ಸುಣ್ಣ ಕಟ್ಟಿದೆ ಅನ್ನುತ್ತೇವೆ. ಮಂಡ್ಯದಲ್ಲೂ ಕಾವೇರಿ ನೀರು ಬರುವ ಮನೆಗಳಲ್ಲಿ ಗೀಸರ್ ವರ್ಷಾನುಗಟ್ಟಲೆ ಬಾಳುತ್ತದೆ, ಬೋರ್ ನೀರಿನ ಮನೆಗಳಲ್ಲಿ ಎರಡು ವರ್ಷಕ್ಕೇ ಕಾಯಿಲ್ ಹೀಗೆ ಹೊದ್ದು ಮಲಗುತ್ತದೆ. ಆದರೆ ಇಷ್ಟು ದಪ್ಪದ್ದನ್ನು ನಾನು ನೋಡಿದ್ದು ಅದೇ ಮೊದಲು. ಸ್ಪ್ಯಾನರ್ ಹಿಂಬದಿಯಿಂದ ತಟ್ಟಿದೆ, ತೆಂಗಿನ ಚಿಪ್ಪಿನ ಹಾಗೆ ಹೋಳಾಗಿ ಬಿತ್ತು. ಒಂದು ಹೋಳನ್ನು ಮಗಳು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಈರುಳ್ಳಿ ಕೊಯ್ದ ಹಾಗೆ ಪದರ ಪದರ ಇತ್ತು. "ಅಪ್ಪ, ಇದನ್ನ ಇಟ್ಕೋತೀನಿ" ಅಂದಳು. ಇಟ್ಕೋ ಅಂದೆ. ಬಿಸಿನೀರು ಬಂತು. ಬಾಡಿಗೆಯಲ್ಲಿ ನೂರು ರೂಪಾಯಿಯೂ ಬಿಡಲಿಲ್ಲ, ಅದು ಬೇರೆ.

ಎರಡನೇ ದಿನ

ತಾಡಪತ್ರಿಯಿಂದ ಬೆಲುಂಗೆ ಮೂವತ್ತು ಕಿಲೋಮೀಟರ್ ಆಸುಪಾಸು. ದಾರಿಯುದ್ದಕ್ಕೂ ಸಿಮೆಂಟ್ ಲಾರಿಗಳು. ಸುಣ್ಣದ ಕಲ್ಲು ಇರುವ ಕಡೆ ಸಿಮೆಂಟ್ ಫ್ಯಾಕ್ಟರಿ ಇರದೆ ಇನ್ನೇನು. ಮೊದಲು ಕರ್ನೂಲು ಜಿಲ್ಲೆ ಅನ್ನುತ್ತಿದ್ದ ಈ ಭಾಗ 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದೆ.

ಗವಿ ಅಂದರೆ ಬೆಟ್ಟ ಹತ್ತಬೇಕು ಅಂತ ಅವ್ವ ಮೊದಲಿಂದಲೂ ಹೆದರಿದ್ದಳು. ನಮ್ಮ ಕಡೆ ಗವಿ ಅಂದರೆ ಹಾಗೇ ಅಲ್ವಾ. ಕುಂತಿ ಬೆಟ್ಟವೋ, ಮೇಲುಕೋಟೆಯೋ, ದೊಡ್ಡ ಬಂಡೆ ಮೇಲೊಂದು ಬಂಡೆ ಕೂತು ನಡುವೆ ಆದ ಸಂದು. ಗಟ್ಟಿ ಬಂಡೆ ನೀರಿಗೆ ಕರಗಲ್ಲ, ಅದಕ್ಕೇ ಅಲ್ಲೆಲ್ಲ ಇಂಥ ಗುಹೆ ಆಗಲ್ಲ. ಬೆಲುಂನಲ್ಲಿ ಬೆಟ್ಟವೇ ಇಲ್ಲ. ಚಪ್ಪಟೆ ನೆಲ, ಸುತ್ತ ಹೊಲ, ದೂರಕ್ಕೇ ಕಾಣುವ ಬಿಳಿ ಬುದ್ಧನ ದೊಡ್ಡ ಪ್ರತಿಮೆ. ಗುಹೆ ಎಲ್ಲಿ ಅಂತ ಹುಡುಕುವ ಹಾಗಾಯಿತು. ಹತ್ತಿರ ಹೋಗಿ ಬಗ್ಗಿ ನೋಡಿದರೆ ನೆಲದಲ್ಲಿ ಬಾವಿಯ ಹಾಗೆ ಮೂರು ಗುಂಡಿ. ನಡುವಿನ ಗುಂಡಿಯೇ ಬಾಗಿಲು.

ಇಂಥ ಜಾಗ ನೂರಾರು ವರ್ಷದಿಂದ ಊರವರಿಗೆ ಗೊತ್ತಿತ್ತು, ಆದರೆ ಪುಸ್ತಕಕ್ಕೆ ಬಂದಿದ್ದು 1884ರಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯಿಂದ. ಆಮೇಲೆ ಸುಮಾರು ನೂರು ವರ್ಷ ಯಾರೂ ತಿರುಗಿ ನೋಡಲಿಲ್ಲ. 1982-83ರಲ್ಲಿ ಗೆಬಾವರ್ ಎಂಬವರ ಜೊತೆ ಜರ್ಮನಿಯ ತಂಡ ಬಂದು ಒಳಗೆಲ್ಲ ತೆವಳಿ ಅಳತೆ ಮಾಡಿತು. ಒಟ್ಟು ಉದ್ದ 3,229 ಮೀಟರ್. ಮೇಘಾಲಯದ ಗುಹೆಗಳನ್ನು ಬಿಟ್ಟರೆ ನಮ್ಮ ದೇಶದಲ್ಲಿ ಇಷ್ಟು ಉದ್ದದ್ದು ಇನ್ನೊಂದಿಲ್ಲ. ಈ ನಡುವೆ ಸುತ್ತಲಿನವರು ಗುಂಡಿಗೆ ಕಸ ಸುರಿಯುತ್ತಿದ್ದರಂತೆ. ಆಮೇಲೆ ಕಸ, ಹೂಳು ತೆಗೆಸಿ, ದಾರಿ ಮಾಡಿ, ದೀಪ ಹಾಕಿ 2002ರಲ್ಲಿ ಜನರಿಗೆ ತೆರೆದರು. ಈಗ ಸುಮಾರು ಒಂದೂವರೆ ಕಿಲೋಮೀಟರ್ ನಡೆದು ನೋಡಬಹುದು.

ಮೆಟ್ಟಿಲಿಳಿದ ಮೊದಲ ನಿಮಿಷ ತಂಪು ಅನ್ನಿಸಿತು. ಐದು ನಿಮಿಷಕ್ಕೆ ಬೆನ್ನೆಲ್ಲ ಬೆವರು. ಒಳಗೆ ಸೆಕೆ, ಗಾಳಿ ಆಡಲ್ಲ. ಅಲ್ಲಲ್ಲಿ ಮೇಲಿಂದ ಕೊಳವೆ ಇಳಿಸಿ ಗಾಳಿ ಊದುವ ವ್ಯವಸ್ಥೆ ಮಾಡಿದ್ದಾರೆ, ಕೊಳವೆ ಬಾಯಿ ಸಿಕ್ಕಿದಲ್ಲೆಲ್ಲ ಜನ ಹಸು ಮೇವಿಗೆ ನಿಂತ ಹಾಗೆ ಗುಂಪುಗಟ್ಟಿ ನಿಂತಿರುತ್ತಾರೆ. ಹೋಗುವವರಿಗೆ ಒಂದು ಮಾತು: ಹತ್ತಿ ಬಟ್ಟೆ ಹಾಕಿ, ಕೈಯಲ್ಲಿ ನೀರಿರಲಿ. ಉಸಿರಿನ ತೊಂದರೆ ಇರುವವರು ಯೋಚಿಸಿ ಇಳಿಯಿರಿ.

ಬಾಗಿಲ ಹತ್ತಿರವೇ ಧ್ಯಾನಮಂದಿರ ಅಂತ ಒಂದು ಜಾಗ ಇದೆ. ಹಾಸಿಗೆ, ದಿಂಬು ಇಟ್ಟ ಹಾಗೆ ಕಲ್ಲು. ಬೌದ್ಧ, ಜೈನ ಸನ್ಯಾಸಿಗಳು ಇಲ್ಲಿ ವಾಸವಿದ್ದರು ಅಂತ ಹೇಳುತ್ತಾರೆ. ಅವ್ವ ಅಲ್ಲೇ ಕೂತಳು. "ಅಂಥವರೇ ಇಲ್ಲಿ ಕೂತವ್ರಂತೆ, ನಾನ್ಯಾಕೆ ಮುಂದಕ್ಕೆ ಹೋಗ್ಲಿ? ನೀವು ಹೋಗಿ ಬನ್ನಿ" ಅಂದಳು. ಹೆಂಡತಿ ಅವಳ ಜೊತೆ ಉಳಿದಳು. ನಾನು, ಮಗಳು, ಭಾಮೈದ ಒಬ್ಬ ಗೈಡ್ ಹಿಡಿದು ಮುಂದೆ ಹೋದೆವು. ಬೆಂಗಳೂರಿನಿಂದ ಬರುವವರು ಜಾಸ್ತಿಯಂತೆ, ಅವನ ತೆಲುಗಿನಲ್ಲಿ ಅರ್ಧ ಕನ್ನಡವೇ ಇತ್ತು.

ಮೊದಲು ಕಾಣುವುದು ಸಿಂಹದ್ವಾರ. ಮೇಲಿಂದ ಇಳಿಬಿದ್ದ ಕಲ್ಲುಗಳು ಸೇರಿ ಕಮಾನಾಗಿ, ದೀಪದ ಬೆಳಕಿಗೆ ಸಿಂಹದ ಮುಖದ ಹಾಗಿದೆ. ನಿಜ ಹೇಳಬೇಕೆಂದರೆ ಗೈಡ್ ಹೇಳುವ ತನಕ ನನಗೆ ಸಿಂಹ ಕಾಣಲಿಲ್ಲ, ಭಾಮೈದನಿಗೆ ಹೇಳಿದ ಮೇಲೂ ಕಾಣಲಿಲ್ಲ. ನನಗೆ ಅದಕ್ಕಿಂತ ಹಿಡಿಸಿದ್ದು ಗೋಡೆಗಳು. ಗುಹೆ ಅಂದರೆ ಒರಟು ಒರಟು ಅಂದುಕೊಂಡಿದ್ದೆ. ಇಲ್ಲಿನ ಗೋಡೆ ನುಣುಪು, ಅಲೆ ಅಲೆಯಾಗಿ ಒಳಗೆ ಹೊರಗೆ ಬಳುಕಿಕೊಂಡು ಹೋಗುತ್ತದೆ, ಸೊಂಟದ ಎತ್ತರಕ್ಕೊಂದು ಪದರ, ಎದೆಯ ಎತ್ತರಕ್ಕೊಂದು ಪದರ. ಕಪ್ಪು ಸುಣ್ಣದ ಕಲ್ಲು, ನಮ್ಮ ಅಡುಗೆಮನೆ ಕಟ್ಟೆಯ ನೆಂಟ. ಇದನ್ನೆಲ್ಲ ಒಂದು ಕಾಲದಲ್ಲಿ ಒಳಗೆ ಹರಿದ ನೀರು ಕೊರೆದದ್ದು. ನಾವು ನಡೆಯುತ್ತಿದ್ದುದು ನೀರು ಬಿಟ್ಟುಹೋದ ಪೈಪಿನೊಳಗೆ. ಕೆಲವು ಕಡೆ ಅಡ್ಡಲಾಗಿ ನುಸುಳಬೇಕು, ಕೆಲವು ಕಡೆ ತಲೆ ತಗ್ಗಿಸಬೇಕು. ಭಾಮೈದ ಆರಡಿ ಆಳು, ಎರಡು ಸಲ ಹಣೆ ಕುಟ್ಟಿಸಿಕೊಂಡ.

ಕೋಟಿಲಿಂಗಗಳ ಜಾಗಕ್ಕೆ ಬಂದಾಗ ನಾನು ನಿಂತುಬಿಟ್ಟೆ. ಸೂರಿನಿಂದ ಸಾವಿರಾರು ಕಲ್ಲುಗಳು, ಬೆರಳು ಗಾತ್ರದಿಂದ ತೋಳು ಗಾತ್ರದ ತನಕ, ಮೊಂಡು ತುದಿ ಕೆಳಗೆ ಮಾಡಿಕೊಂಡು ಒತ್ತೊತ್ತಾಗಿ ತೂಗುತ್ತಿವೆ. ಉಳಿದವರಿಗೆ ಶಿವಲಿಂಗ ಕಂಡಿತು. ನನಗೆ ಕಂಡಿದ್ದು ಹಿಂದಿನ ರಾತ್ರಿಯ ಕಾಯಿಲ್. ಅದೇ ಗಂಟು, ಅದೇ ಬೂದು ಮಿಶ್ರಿತ ಬಿಳಿ, ಅದೇ ಮೇಣದ ಹಾಗಿನ ಮೈ. ಒಂದರ ತುದಿ ಯಾರೋ ಯಾವತ್ತೋ ಮುರಿದಿದ್ದರು. ಟಾರ್ಚ್ ಹಾಕಿದರೆ ಒಳಗೆ ಉಂಗುರ ಉಂಗುರ. ಮಗಳು ಬ್ಯಾಗಿನಿಂದ ಗೀಸರಿನ ಹೋಳು ತೆಗೆದು ಪಕ್ಕದಲ್ಲಿ ಹಿಡಿದಳು. ಗೈಡ್ ಗಾಬರಿಯಾದ, ನಾವೇ ಮುರಿದೆವು ಅಂದುಕೊಂಡ. ಲಾಡ್ಜಿನ ಗೀಸರಿನದು ಅಂತ ಅವನಿಗೆ ತಿಳಿಸುವಷ್ಟರಲ್ಲಿ ಸಾಕುಬೇಕಾಯಿತು.

ಮೇಲಿಂದ ತೂಗುವುದು ಸ್ಟಾಲಕ್ಟೈಟ್, ನೆಲದಿಂದ ಏಳುವುದು ಸ್ಟಾಲಗ್ಮೈಟ್. ಪರೀಕ್ಷೆಯಲ್ಲಿ ಎಲ್ಲರೂ ಅದಲು ಬದಲು ಮಾಡುತ್ತಾರಂತೆ. ಮಗಳು ಒಂದು ಉಪಾಯ ಮಾಡಿಕೊಂಡಿದ್ದಾಳೆ: ನಡುವೆ ಕ ಬಂದರೆ ಕೊಂಬೆ, ತೂಗೋದು, ಗ ಬಂದರೆ ಗುಡ್ಡ, ಏಳೋದು. ಎರಡೂ ಬೆಳೆದು ಕೈ ಹಿಡಿದರೆ ಕಂಬ. ಅಂಥದ್ದೊಂದು ದೊಡ್ಡ ಕಂಬ ಅಲ್ಲೇ ಇದೆ.

ಇದು ಆಗೋದು ಹೇಗೆ ಅಂತ ಭಾಮೈದ ಕೇಳಿದ. ಗೈಡಿಗೆ ಬಾಯಿ ತೆರೆಯಲು ಬಿಡದೆ ನಾನೇ ಶುರುಮಾಡಿದೆ, ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವನು ಏನಾದರೂ ಕೇಳಿದ್ದು ಅದೇ ಮೊದಲು. ಮಳೆ ನೀರು ಮಣ್ಣಿನೊಳಗೆ ಇಳಿಯುತ್ತದೆ. ಮಣ್ಣಿನಲ್ಲಿ ಬೇರು, ಹುಳ ಹುಪ್ಪಟೆ ಉಸಿರಾಡಿ ಬಿಟ್ಟ ಇಂಗಾಲದ ಡೈ ಆಕ್ಸೈಡ್ ತುಂಬಿರುತ್ತದೆ, ನೀರು ಅದನ್ನು ಹೀರಿಕೊಳ್ಳುತ್ತದೆ. ಅಂದರೆ ತೀರಾ ಸಪ್ಪೆ ಸೋಡಾ ಅಂದುಕೊಳ್ಳಿ. ಆ ಸಣ್ಣ ಹುಳಿಗೇ ಸುಣ್ಣದ ಕಲ್ಲು ಚೂರು ಚೂರೇ ಕರಗಿ ನೀರಿನೊಳಗೆ ಸೇರುತ್ತದೆ. ಆ ನೀರು ಬಿರುಕಿನಲ್ಲಿ ಇಳಿದು ಗುಹೆಯ ಸೂರಿಗೆ ಬಂದು ಹನಿಯಾಗಿ ನಿಂತಾಗ ಗುಹೆಯ ಗಾಳಿಗೆ ಆ ಅನಿಲವನ್ನು ಬಿಟ್ಟುಕೊಡುತ್ತದೆ, ಸೋಡಾ ಬಾಟಲಿ ಮುಚ್ಚಳ ತೆಗೆದಿಟ್ಟರೆ ಗ್ಯಾಸು ಹೋಗಲ್ವಾ, ಹಾಗೆ. ಗ್ಯಾಸು ಹೋದ ಮೇಲೆ ನೀರಿಗೆ ಅಷ್ಟು ಸುಣ್ಣ ಹೊತ್ತುಕೊಳ್ಳಲು ಆಗಲ್ಲ. ಹನಿಯ ಅಂಚಿನ ಸುತ್ತ ಒಂದು ಉಂಗುರ ಬಿಟ್ಟು ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಉಂಗುರ. ಮುಂದಿನ ಹನಿ ಅದರ ಕೆಳಗೆ ಇನ್ನೊಂದು. ಹೀಗೆ ಮೊದಲು ಎಳನೀರು ಕುಡಿಯುವ ಸ್ಟ್ರಾ ಹಾಗೆ ಟೊಳ್ಳು ಕೊಳವೆ ಬೆಳೆಯುತ್ತದೆ, ಅದರ ಬಾಯಿ ಕಟ್ಟಿಕೊಂಡರೆ ನೀರು ಹೊರಮೈಯಲ್ಲಿ ಹರಿದು ದಪ್ಪವಾಗುತ್ತದೆ. ಕೆಳಗೆ ಬಿದ್ದ ಹನಿಯಲ್ಲಿ ಉಳಿದ ಸುಣ್ಣ ನೆಲದಲ್ಲಿ ಗುಡ್ಡೆ ಕಟ್ಟುತ್ತದೆ. ಗೀಸರಿನಲ್ಲೂ ಇದೇ ಕಥೆ. ಅಲ್ಲಿ ಕಾಯಿಲಿನ ಬಿಸಿ ಗ್ಯಾಸನ್ನು ಓಡಿಸುತ್ತದೆ, ಸುಣ್ಣ ಅಲ್ಲೇ ಕೂರುತ್ತದೆ. ಅವಸರದ ಸಂಸಾರ ಅದು.

"ಹಂಗಾದ್ರೆ ಇದು ವರ್ಷಕ್ಕೆ ಎಷ್ಟು ಬೆಳೀತದೆ ಭಾವ?" ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಅಂತ ಲೆಕ್ಕ, ನೀರು, ಸೆಕೆ ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತದೆ ಅಂದೆ. ಮಗಳು ಬೆರಳಲ್ಲಿ ಲೆಕ್ಕ ಹಾಕಿದಳು. ಅಜ್ಜಿಗೆ ಎಪ್ಪತ್ತು. ಅಜ್ಜಿ ಹುಟ್ಟಿದಾಗ ಶುರುವಾಗಿದ್ದರೆ ಇವತ್ತಿಗೆ ಏಳು ಮಿಲಿಮೀಟರ್. ಒಂದು ಕಡಲೆಕಾಳು. ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹನಿ ಬೀಳೋದನ್ನು ನೋಡಬೇಕು ಅಂತ ಅವಳಿಗೆ ಆಸೆ. ಒಳಗೆಲ್ಲ ತೊಟ್ಟಿಕ್ಕುತ್ತಿರುತ್ತದೆ ಅಂದುಕೊಂಡು ಬಂದಿದ್ದೆವು, ಆದರೆ ನಾವು ನಡೆದ ದಾರಿಯಲ್ಲಿ ಹೆಚ್ಚಿನ ಕಡೆ ಕಲ್ಲು ಒಣಗಿತ್ತು. ನೀರು ಸಿಗದ ಕಡೆ ಬೆಳವಣಿಗೆ ನಿಂತಿರುತ್ತದೆ, ಅಷ್ಟೇ. ಪಾತಾಳಗಂಗೆಯ ಕಡೆ ಇಳಿಯುವಾಗ ಗೋಡೆ ಒದ್ದೆಯಾಗುತ್ತಾ ಬಂತು. ಅದು ಗುಹೆಯ ಅತಿ ಆಳದ ಜಾಗ, ನೆಲದಿಂದ 46 ಮೀಟರ್ ಕೆಳಗೆ. ಅಲ್ಲೊಂದು ಸಣ್ಣ ತೊರೆ ಹರಿದು ಕಲ್ಲಿನ ಸಂದಿಯಲ್ಲಿ ಮಾಯವಾಗುತ್ತದೆ. ಊರಿನ ಬಾವಿಗೆ ಹೋಗಿ ಸೇರುತ್ತದೆ ಅಂತ ನಂಬಿಕೆ. ನೀರು ಎಷ್ಟು ತಿಳಿ ಅಂದರೆ ಮೊದಲ ನೋಟಕ್ಕೆ ನೀರಿದೆ ಅಂತಲೇ ಗೊತ್ತಾಗಲಿಲ್ಲ. ನನ್ನ ಕಣ್ಣಿಗೆ ಅದು ಗಂಗೆಯೂ ಹೌದು, ಗೀಸರ್ ಕೊಲ್ಲುವ ನಂಬರ್ ಒನ್ ಗಡಸು ನೀರೂ ಹೌದು.

ಅಲ್ಲಿಂದ ವಾಪಸ್ ಹತ್ತುವಾಗ ಮಗಳಿಗೆ ಹನಿ ಸಿಕ್ಕಿತು. ತಲೆಯ ಮೇಲೆ ಒಂದು ಗೇಣು ದೂರದಲ್ಲಿ ಕಿರುಬೆರಳಿನ ಉದ್ದದ ಬಿಳಿ ಕಡ್ಡಿ, ತುದಿಯಲ್ಲಿ ತುಂಬಿಕೊಂಡು ನಿಂತ ನೀರು. ಗೈಡ್ ಟಾರ್ಚ್ ಹಿಡಿದ. ಹನಿಯೊಳಗೆ ಟಾರ್ಚು ಪುಟ್ಟದಾಗಿ ತಲೆಕೆಳಗಾಗಿ ಕಾಣುತ್ತಿತ್ತು. ಅದು ದಪ್ಪವಾಯಿತು, ಕೆಳಗೆ ಜಗ್ಗಿತು, ಈಗ ಬೀಳುತ್ತದೆ ಅಂದರೆ ಬೀಳಲಿಲ್ಲ. ಹಿಂದೆ ಬಂದ ಗುಂಪೊಂದು ಏನು ಅಲ್ಲಿ ಅಂತ ಕೇಳಿ, ಹನಿ ಅಂದಿದ್ದಕ್ಕೆ ನಮ್ಮನ್ನು ಒಂಥರಾ ನೋಡಿ ಮುಂದೆ ಹೋಯಿತು. ಮಗಳು ಎಣಿಸುತ್ತಿದ್ದಳು. ನಲವತ್ತೊಂದಕ್ಕೆ ಬಿತ್ತು. ಇನ್ನೊಂದು ಐವತ್ತಕ್ಕೆ. ಮೂರನೆಯದಕ್ಕೆ ಭಾಮೈದ "ನಡೀರಪ್ಪ, ಬೇಯ್ತಾ ಇದೀನಿ" ಅಂದ.

ಒಂದು ಸಿಟ್ಟಿನ ಮಾತೂ ಹೇಳಿಬಿಡುತ್ತೇನೆ. ಸಪ್ತಸ್ವರ ಗುಹೆ ಅಂತ ಒಂದಿದೆ. ಅಲ್ಲಿ ತೂಗುವ ಕಲ್ಲುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಲೋಹದ ಹಾಗೆ ಠಣ್ ಅನ್ನುತ್ತದೆ, ಒಂದೊಂದಕ್ಕೆ ಒಂದೊಂದು ಸ್ವರ. ಕೇಳಲು ಚಂದವೇ, ಸುಳ್ಳು ಹೇಳಲ್ಲ. ಆದರೆ ಬಂದವರೆಲ್ಲ ತಟ್ಟಿ ತಟ್ಟಿ ಕಲ್ಲಿನ ಮೈ ಕಪ್ಪಗೆ ಜಿಡ್ಡು ಹಿಡಿದಿದೆ. ಕೈಯ ಎಣ್ಣೆ ಕೂತ ಕಡೆ ಹೊಸ ಸುಣ್ಣ ಸರಿಯಾಗಿ ಹಿಡಿಯಲ್ಲ. ಕಡಲೆಕಾಳು ಬೆಳೆಯಲು ಎಪ್ಪತ್ತು ವರ್ಷ ಬೇಕಾದ ಕಡೆ ಒಬ್ಬ ತನ್ನ ಬೀಗದ ಕೈಯಿಂದ ಹಾಡು ನುಡಿಸುತ್ತಿದ್ದ. ಮಗಳಿಗೂ ತಟ್ಟುವ ಆಸೆ ಇತ್ತು, ನನ್ನ ಮುಖ ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಇನ್ನೊಬ್ಬರು ತಟ್ಟಿದ್ದನ್ನು ಮಾತ್ರ ಮೂವರೂ ನಿಂತು ಪೂರ್ತಿ ಕೇಳಿದೆವು.

ಆಲದ ಮರದ ಹಾಗೆ ಬಿಳಲು ಬಿಟ್ಟ ದೊಡ್ಡ ಕಂಬ, ಹಾವಿನ ಹೆಡೆಗಳ ಹಾಗಿನ ಸೂರು, ಇವನ್ನೂ ನೋಡಿದೆವು. ಆದರೆ ಆ ಹನಿ ನೋಡಿದ ಮೇಲೆ ಉಳಿದದ್ದೆಲ್ಲ ನನಗೆ ಸ್ವಲ್ಪ ಸಪ್ಪೆಯಾಯಿತು.

ಮೇಲೆ ಬಂದಾಗ ಬಿಸಿಲಿನ ಗಾಳಿಯೇ ಏಸಿ ಅನ್ನಿಸಿತು. ಅವ್ವ ಹೊರಗೆ ಬಂದು ಶೇಂಗಾ ತಿನ್ನುತ್ತಾ ಕೂತಿದ್ದಳು. ಮಗಳು ಒಂದೇ ಉಸಿರಿಗೆ ಸೋಡಾ, ಹನಿ, ಉಂಗುರ ಎಲ್ಲ ಒಪ್ಪಿಸಿದಳು. ಅವ್ವ ಕೇಳಿಸಿಕೊಂಡು, "ಬಚ್ಚಲ ಹಂಡೆ ಒಳಗೆ ಕಟ್ಟೋದು ತಾನೆ? ಹುಣಸೆಹಣ್ಣು ಹಾಕಿ ಉಜ್ಜುದ್ರೆ ಬಿಡ್ತದೆ" ಅಂದಳು. ಸುಣ್ಣ, ಹುಳಿ, ಎರಡೂ ಒಂದೇ ಮಾತಿನಲ್ಲಿ ಬಂತು. ನನಗೆ ಇದನ್ನು ಕಲಿಸಲು ಒಂದು ಕಂಪನಿಯವರು ಎರಡು ದಿನ ಟ್ರೈನಿಂಗ್ ಕೊಟ್ಟಿದ್ದರು.

ಸಂಜೆ ಬನಗಾನಪಲ್ಲಿಗೆ ಹೋಗಿ ಉಳಿದೆವು. ಮಾವಿನ ಹಣ್ಣಿಗೆ ಹೆಸರಾದ ಊರು, ನಾವು ಹೋದಾಗ ಮಾವಿನ ಕಾಲವಲ್ಲ. ಇಲ್ಲಿನ ಗೀಸರ್ ಸರಿಯಾಗಿತ್ತು. ಸ್ವಲ್ಪ ಬೇಜಾರಾಯಿತು.

ಮೂರನೇ ದಿನ

ಯಾಗಂಟಿ ಅವ್ವನ ದಿನ. ಎರ್ರಮಲ ಬೆಟ್ಟಗಳ ಮಡಿಲಿನಲ್ಲಿ ಉಮಾಮಹೇಶ್ವರನ ಗುಡಿ. ಬೆಟ್ಟದಿಂದ ಬರುವ ನೀರು ಕಲ್ಲಿನ ಬಸವನ ಬಾಯಿಂದ ಬಿದ್ದು ಪುಷ್ಕರಿಣಿ ತುಂಬುತ್ತದೆ. ಇಲ್ಲಿ ಕಾಗೆ ಬರಲ್ಲ, ಅಗಸ್ತ್ಯರ ಶಾಪ ಅಂತಾರೆ. ಕಾಗೆ ಶನಿದೇವರ ವಾಹನ, ಹಾಗಾಗಿ ಇಲ್ಲಿ ಶನಿಯ ಕಾಟವೂ ಇಲ್ಲ ಅಂತ ಲೆಕ್ಕ. ಭಾಮೈದ ಅರ್ಧ ಗಂಟೆ ಆಕಾಶ ನೋಡಿದ, ಕಾಗೆ ಕಾಣಲಿಲ್ಲ.

ಯಾಗಂಟಿ ಬಸವ ಬೆಳೆಯುತ್ತಾ ಇದ್ದಾನೆ ಅನ್ನೋದು ಇಲ್ಲಿನ ದೊಡ್ಡ ಮಾತು. ಮೊದಲು ಸುತ್ತು ಹಾಕಲು ಜಾಗ ಇತ್ತಂತೆ, ಈಗ ಬೆಳೆದು ಕಂಬಕ್ಕೆ ಹತ್ತಿರವಾಗಿ ಸುತ್ತಲು ಆಗಲ್ಲ, ಕಲಿಯುಗದ ಕೊನೆಗೆ ಎದ್ದು ಕೂಗುತ್ತಾನೆ ಅಂತ ವೀರಬ್ರಹ್ಮೇಂದ್ರ ಸ್ವಾಮಿಗಳ ಕಾಲಜ್ಞಾನದಲ್ಲಿದೆ ಅಂತ ಜನ ಹೇಳುತ್ತಾರೆ. ನಾನು ಬಾಯಿ ತೆರೆಯುವ ಮುಂಚೆ ಅವ್ವ ತಿರುಗಿ ನೋಡಿದಳು. "ನೆನ್ನೆ ಗವಿಯಾಗೆ ಕಲ್ಲು ಬೆಳೀತದೆ ಅಂದ್ರಲ್ಲ, ಒಪ್ಪಿಕೊಂಡೆ. ಇವತ್ತು ನೀನು ಸುಮ್ನಿರು." ಸುಮ್ಮನಿದ್ದೆ. ಅದು ಬೇರೆ ಬೆಳವಣಿಗೆ, ಇದು ಬೇರೆ ಅಂತ ಹೇಳಲು ಮಗಳೂ ಬಾಯಿ ತೆರೆದವಳು ಅಜ್ಜಿಯ ಕೈಯಲ್ಲಿನ ಪ್ರಸಾದ ನೋಡಿ ಮುಚ್ಚಿದಳು.

ಮಧ್ಯಾಹ್ನ ಹೊರಟು ಮಂಡ್ಯ ಸೇರುವಾಗ ರಾತ್ರಿ ಹನ್ನೆರಡಾಗಿತ್ತು. ದಾರಿಯಲ್ಲಿ ಟೈರ್ ಪಂಚರ್, ಒಂದು ಕಡೆ ಮಳೆ, ಬೆಂಗಳೂರಿನಲ್ಲಿ ಎರಡು ಗಂಟೆ ಟ್ರಾಫಿಕ್. ಬರೆಯುವಂಥದ್ದೇನಿಲ್ಲ.

ಮನೆಗೆ ಬಂದ ಮೇಲೆ

ಆಯುಧಪೂಜೆಯ ಹಿಂದಿನ ದಿನ ಅಂಗಡಿ ತೆಗೆದು ಸಾಮಾನು ತೊಳೆಯುತ್ತಿದ್ದೆ. ನಮ್ಮ ಬೀದಿಯ ನೀರಿನ ಟ್ಯಾಂಕಿನ ಅಡಿ ಸೋರುವ ಕಡೆ ಬಿಳಿ ಕಡ್ಡಿಗಳು ತೂಗುತ್ತಿವೆ ಅಂತ ಮಗಳು ಓಡಿ ಬಂದು ಹೇಳಿದಳು. ವರ್ಷಗಳಿಂದ ಅದರ ಕೆಳಗೇ ಓಡಾಡಿದ್ದೇನೆ, ತಲೆ ಎತ್ತಿರಲಿಲ್ಲ. ಅದು ಕಾಂಕ್ರೀಟಿನಿಂದ ಇಳಿಯುವ ಸುಣ್ಣ. ಅದರ ಲೆಕ್ಕ ಸ್ವಲ್ಪ ಬೇರೆ, ಗುಹೆಯದಕ್ಕಿಂತ ಎಷ್ಟೋ ಪಟ್ಟು ಬೇಗ ಬೆಳೆಯುತ್ತದೆ. ಹೋಗಿ ನೋಡಿದೆವು. ತುದಿಯಲ್ಲಿ ಹನಿ ಇತ್ತು.

ಗಾಡಿ ಚಕ್ರದ ಕೆಳಗಿಡಲು ತಂದಿದ್ದ ನಿಂಬೆಹಣ್ಣುಗಳು ಮೇಜಿನ ಮೇಲಿದ್ದವು. ಮಗಳು ತಾಡಪತ್ರಿಯ ಗೀಸರಿನ ಹೋಳನ್ನು ತಟ್ಟೆಯಲ್ಲಿಟ್ಟು, ಒಂದು ನಿಂಬೆ ಕೊಯ್ದು ಹಿಂಡಿದಳು. ಸಣ್ಣಗೆ ಸುಯ್ ಅಂತು. ರಸ ತಾಗಿದ ಕಡೆಯೆಲ್ಲ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಎದ್ದು ಒಡೆದವು. ಮಣ್ಣಿನೊಳಗೆ ನೀರು ಹೀರಿಕೊಳ್ಳುವ ಆ ಗ್ಯಾಸೇ ಇದು ಅಂದೆ. ಅವಳು ಕಿವಿ ಹತ್ತಿರ ತಂದು ಕೇಳಿಸಿಕೊಂಡಳು.

"ಪೂಜೆಗೆ ಅಂತ ತಂದ ನಿಂಬೆಹಣ್ಣು ಯಾರು ಕೊಯ್ದದ್ದು?" ಅಂತ ಒಳಗಿಂದ ಅವ್ವ ಕೂಗಿದಳು.